ಪೂರೈಕೆ ಸರಪಳಿ ನಿರ್ವಹಣೆ

ಪೂರೈಕೆ ಸರಪಳಿ ನಿರ್ವಹಣೆ ಎಂದರೆ ಕಚ್ಚಾವಸ್ತು ದೊರೆಯುವ ಮೂಲದಿಂದ ಸಿದ್ಧವಸ್ತು ಬಳಕೆದಾರರ ಕೈಸೇರುವವರೆಗಿನ ಎಲ್ಲ ಹಂತಗಳನ್ನೂ ಒಂದೇ ವ್ಯವಸ್ಥೆಯೆಂದು ಪರಿಗಣಿಸಿ, ಅವುಗಳನ್ನು ಯೋಜಿಸುವ, ನಡೆಸುವ ಹಾಗೂ ನಿಯಂತ್ರಿಸುವ ಕಾರ್ಯ. ಖರೀದಿ, ಉತ್ಪಾದನೆ, ದಾಸ್ತಾನು, ಸಾಗಣೆ, ವಿತರಣೆ ಮತ್ತು ಹಿಂದಿರುಗಿಸಿದ ಸರಕಿನ ವಿಲೇವಾರಿ ಇದರ ವ್ಯಾಪ್ತಿಗೆ ಸೇರುತ್ತವೆ. ಬೇಕಾದ ವಸ್ತುವು ಬೇಕಾದ ಪ್ರಮಾಣದಲ್ಲಿ, ಬೇಕಾದ ಸ್ಥಳದಲ್ಲಿ, ಬೇಕಾದ ಸಮಯಕ್ಕೆ, ತಾಳಿಕೊಳ್ಳಬಹುದಾದ ವೆಚ್ಚದಲ್ಲಿ ದೊರೆಯುವಂತೆ ಮಾಡುವುದು ಇದರ ಗುರಿ. ದಾಸ್ತಾನು ಅತಿಯಾದರೆ ಬಂಡವಾಳ ಗೋದಾಮಿನಲ್ಲಿ ಸಿಲುಕುತ್ತದೆ. ಕಡಿಮೆಯಾದರೆ ಗ್ರಾಹಕರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಈ ಎರಡು ನಷ್ಟಗಳ ನಡುವೆ ಸಮತೋಲ ಸಾಧಿಸುವುದೇ ಪೂರೈಕೆ ಸರಪಳಿ ಯೋಜನೆಯ ಮೂಲ ಸಮಸ್ಯೆಯಾಗಿದೆ.

## ಅರ್ಥ ಮತ್ತು ವ್ಯಾಪ್ತಿ

ಒಂದು ವಸ್ತುವಿನ ತಯಾರಿಕೆಯಲ್ಲಿ ಹಲವು ಸ್ವತಂತ್ರ ಉದ್ದಿಮೆಗಳು ಒಂದರ ಮೇಲೊಂದು ಅವಲಂಬಿತವಾಗಿರುತ್ತವೆ. ಒಂದರ ಉತ್ಪನ್ನ ಮತ್ತೊಂದರ ಕಚ್ಚಾವಸ್ತು. ರೇಷ್ಮೆ ಸೀರೆ ಇದಕ್ಕೆ ಉತ್ತಮ ನಿದರ್ಶನ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತ, ಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ರೀಲರ್, ನೂಲಿಗೆ ಹುರಿ ಹಾಕುವವರು, ಬಣ್ಣ ಹಾಕುವವರು, ನೇಕಾರ, ಸಗಟು ವ್ಯಾಪಾರಿ, ಅಂಗಡಿಕಾರ ಮತ್ತು ಗ್ರಾಹಕ ಇವರೆಲ್ಲರೂ ಈ ಸರಪಳಿಯ ಕೊಂಡಿಗಳು. ವಾಸ್ತವದಲ್ಲಿ ಇದು ನೇರವಾದ ಸರಪಳಿಗಿಂತ ಬಲೆಯನ್ನು ಹೆಚ್ಚು ಹೋಲುತ್ತದೆ. ಒಬ್ಬ ರೀಲರ್ ಅನೇಕ ರೈತರಿಂದ ಗೂಡು ಕೊಳ್ಳುತ್ತಾನೆ, ಅನೇಕರಿಗೆ ನೂಲು ಮಾರುತ್ತಾನೆ.

ಪೂರೈಕೆ ಸರಪಳಿಯಲ್ಲಿ ಮೂರು ಬಗೆಯ ಹರಿವುಗಳನ್ನು ಗುರುತಿಸಲಾಗುತ್ತದೆ.

* ಸರಕಿನ ಹರಿವು: ಸಾಮಾನ್ಯವಾಗಿ ಉತ್ಪಾದಕರಿಂದ ಗ್ರಾಹಕರ ಕಡೆಗೆ ಸಾಗುತ್ತದೆ. ದೋಷಪೂರಿತ ಅಥವಾ ಮರುಬಳಕೆಯ ವಸ್ತುಗಳು ವಿರುದ್ಧ ದಿಕ್ಕಿನಲ್ಲಿ ಬರುತ್ತವೆ.
* ಮಾಹಿತಿಯ ಹರಿವು: ಬೇಡಿಕೆ, ಆದೇಶ, ದಾಸ್ತಾನು ಮತ್ತು ಸಾಗಣೆಯ ವಿವರಗಳು ಎರಡೂ ದಿಕ್ಕುಗಳಲ್ಲಿ ಸಾಗುತ್ತವೆ.
* ಹಣದ ಹರಿವು: ಗ್ರಾಹಕರಿಂದ ಉತ್ಪಾದಕರ ಕಡೆಗೆ ಸಾಗುತ್ತದೆ.

ಈ ಮೂರರಲ್ಲಿ ಯಾವುದೊಂದು ನಿಂತರೂ ಉಳಿದೆರಡು ಕುಂಠಿತವಾಗುತ್ತವೆ. ಸರಕು ಸಾಗಣೆ, ಉಗ್ರಾಣ ಮತ್ತು ವಿತರಣೆಯ ವ್ಯವಸ್ಥೆಗೆ ‘ಲಾಜಿಸ್ಟಿಕ್ಸ್’ ಎಂಬ ಹೆಸರಿದೆ. ಅದು ಪೂರೈಕೆ ಸರಪಳಿ ನಿರ್ವಹಣೆಯ ಒಂದು ಭಾಗವೇ ಹೊರತು ಅದಕ್ಕೆ ಪರ್ಯಾಯ ಪದವಲ್ಲ.

## ಇತಿಹಾಸ

ದೂರದೇಶಗಳೊಂದಿಗಿನ ವ್ಯಾಪಾರ ಪ್ರಾಚೀನವಾದರೂ ಸರಬರಾಜನ್ನು ಲೆಕ್ಕಾಚಾರದ ವಿಷಯವಾಗಿ ಅಧ್ಯಯನ ಮಾಡುವುದು 20ನೆಯ ಶತಮಾನದಲ್ಲಿ ಆರಂಭವಾಯಿತು. 1913ರಲ್ಲಿ ಅಮೆರಿಕದ ಫೋರ್ಡ್ ಡಬ್ಲ್ಯೂ. ಹ್ಯಾರಿಸ್ ಅವರು ಒಂದು ಬಾರಿಗೆ ಎಷ್ಟು ಪ್ರಮಾಣದ ಸರಕು ತಯಾರಿಸಿದರೆ ಅಥವಾ ತರಿಸಿದರೆ ವೆಚ್ಚ ಕನಿಷ್ಠವಾಗುತ್ತದೆ ಎಂಬುದಕ್ಕೆ ಸೂತ್ರವೊಂದನ್ನು ಪ್ರಕಟಿಸಿದರು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಸೇನೆಯ ಅಗತ್ಯಗಳಿಗಾಗಿ ಬೆಳೆದ ಕಾರ್ಯಾಚರಣೆ ಸಂಶೋಧನೆಯ ವಿಧಾನಗಳು ಯುದ್ಧಾನಂತರ ಉದ್ಯಮಗಳಲ್ಲಿಯೂ ಬಳಕೆಗೆ ಬಂದವು.

ಏಪ್ರಿಲ್ 26, 1956ರಂದು ಮಾಲ್ಕಮ್ ಮೆಕ್ಲೀನ್ ಅವರ ‘ಐಡಿಯಲ್ ಎಕ್ಸ್’ ಹಡಗು 58 ಕಂಟೇನರ್‌ಗಳೊಂದಿಗೆ ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಸರಕನ್ನು ಮೂಟೆ ಮೂಟೆಯಾಗಿ ಇಳಿಸಿ ಏರಿಸುವ ಬದಲು ಇಡೀ ಪೆಟ್ಟಿಗೆಯನ್ನೇ ಲಾರಿಯಿಂದ ಹಡಗಿಗೆ ವರ್ಗಾಯಿಸುವ ಈ ಕ್ರಮ ಸಾಗಣೆಯ ವೆಚ್ಚವನ್ನು ಬಹಳವಾಗಿ ತಗ್ಗಿಸಿತು. ಒಂದೇ ವಸ್ತುವಿನ ಬಿಡಿಭಾಗಗಳನ್ನು ಬೇರೆ ಬೇರೆ ದೇಶಗಳಲ್ಲಿ ತಯಾರಿಸುವುದು ಲಾಭದಾಯಕವಾಗಲು ಇದೂ ಒಂದು ಮುಖ್ಯ ಕಾರಣ.

1961ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೇ ಫಾರೆಸ್ಟರ್ ಅವರು, ಗ್ರಾಹಕರ ಬೇಡಿಕೆಯಲ್ಲಿನ ಸಣ್ಣ ಬದಲಾವಣೆ ಕಾರ್ಖಾನೆಯನ್ನು ತಲುಪುವ ವೇಳೆಗೆ ಹೇಗೆ ದೊಡ್ಡ ಏರಿಳಿತವಾಗುತ್ತದೆ ಎಂಬುದನ್ನು ವಿವರಿಸಿದರು. 1964ರಲ್ಲಿ ಜೋಸೆಫ್ ಆರ್ಲಿಕಿ ಅವರು ಗಣಕಯಂತ್ರದ ನೆರವಿನಿಂದ ಬಿಡಿಭಾಗಗಳ ಅಗತ್ಯವನ್ನು ಲೆಕ್ಕಹಾಕುವ ‘ಸಾಮಗ್ರಿ ಅಗತ್ಯ ಯೋಜನೆ’ಯ ಕ್ರಮವನ್ನು ರೂಪಿಸಿದರು. ಜೂನ್ 26, 1974ರಂದು ಅಮೆರಿಕದ ಒಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಓದಿಸಿ ಮಾರಲಾಯಿತು. ಅಲ್ಲಿಂದ ಮುಂದೆ ಯಾವ ವಸ್ತು ಎಷ್ಟು ಮಾರಾಟವಾಯಿತೆಂಬ ಲೆಕ್ಕ ಆ ಕ್ಷಣದಲ್ಲೇ ಸಿಗುವಂತಾಯಿತು.

‘ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್’ ಎಂಬ ಪದವನ್ನು ಸಾರ್ವಜನಿಕವಾಗಿ ಬಳಕೆಗೆ ತಂದವರು ಸಲಹೆಗಾರ ಕೀತ್ ಆಲಿವರ್. 1982ರಲ್ಲಿ ಅವರು ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಈ ಪದ ಕಾಣಿಸಿಕೊಂಡಿತು.

## ಮುಖ್ಯ ಕಾರ್ಯಗಳು

1996ರಲ್ಲಿ ಪೂರೈಕೆ ಸರಪಳಿ ಪರಿಷತ್ತು ರೂಪಿಸಿದ ‘ಸ್ಕೋರ್’ ಎಂಬ ಮಾದರಿಯು ಈ ಕ್ಷೇತ್ರದ ಚಟುವಟಿಕೆಗಳನ್ನು ಕೆಲವು ಮೂಲ ಕಾರ್ಯಗಳಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಮುಖ್ಯವಾದವು ಹೀಗಿವೆ.

* ಯೋಜನೆ: ಬೇಡಿಕೆಯನ್ನೂ ಲಭ್ಯ ಸಾಮರ್ಥ್ಯವನ್ನೂ ಹೊಂದಿಸುವುದು.
* ಖರೀದಿ: ಪೂರೈಕೆದಾರರನ್ನು ಆರಿಸಿ, ಕಚ್ಚಾವಸ್ತು ತರಿಸಿ, ಗುಣಮಟ್ಟ ಪರಿಶೀಲಿಸುವುದು.
* ತಯಾರಿಕೆ: ಉತ್ಪಾದನೆ, ಪರೀಕ್ಷೆ ಮತ್ತು ಪ್ಯಾಕಿಂಗ್.
* ವಿತರಣೆ: ಆದೇಶ ಸ್ವೀಕಾರ, ಉಗ್ರಾಣ, ಸಾಗಣೆ ಮತ್ತು ಬಿಲ್ಲು ತಯಾರಿಕೆ.
* ಮರಳಿಕೆ: ದೋಷಪೂರಿತ ಅಥವಾ ಹೆಚ್ಚುವರಿ ಸರಕನ್ನು ಹಿಂದಕ್ಕೆ ಪಡೆಯುವುದು.

ಯೋಜನೆಯನ್ನು ಕಾಲಾವಧಿಗೆ ಅನುಗುಣವಾಗಿ ಮೂರು ಸ್ತರಗಳಲ್ಲಿ ಮಾಡಲಾಗುತ್ತದೆ. ಕಾರ್ಖಾನೆ ಎಲ್ಲಿರಬೇಕು, ಯಾವುದನ್ನು ತಾವೇ ತಯಾರಿಸಬೇಕು, ಯಾವುದನ್ನು ಹೊರಗಿನಿಂದ ಕೊಳ್ಳಬೇಕು ಎಂಬವು ಹಲವು ವರ್ಷಗಳಿಗೆ ಅನ್ವಯಿಸುವ ತೀರ್ಮಾನಗಳು. ಮುಂದಿನ ಕೆಲವು ತಿಂಗಳ ಉತ್ಪಾದನೆ ಮತ್ತು ಖರೀದಿಯ ಪ್ರಮಾಣ ಎರಡನೆಯ ಸ್ತರಕ್ಕೆ ಸೇರಿದ್ದು. ಇಂದು ಯಾವ ಲಾರಿಗೆ ಯಾವ ಸರಕು ತುಂಬಬೇಕೆಂಬುದು ದೈನಂದಿನ ಸ್ತರದ ತೀರ್ಮಾನ. ಮೇಲಿನ ಸ್ತರದ ತಪ್ಪನ್ನು ಕೆಳಗಿನ ಸ್ತರದ ದಕ್ಷತೆಯಿಂದ ಪೂರ್ಣವಾಗಿ ಸರಿಪಡಿಸಲಾಗದು. ತಪ್ಪು ಸ್ಥಳದಲ್ಲಿ ಕಟ್ಟಿದ ಉಗ್ರಾಣಕ್ಕೆ ಚುರುಕಾದ ಚಾಲಕರು ಪರಿಹಾರವಾಗುವುದಿಲ್ಲ.

## ಬೇಡಿಕೆಯ ಮುನ್ನಂದಾಜು

ಯೋಜನೆಯು ಬೇಡಿಕೆಯ ಅಂದಾಜಿನಿಂದ ಆರಂಭವಾಗುತ್ತದೆ. ಹಿಂದಿನ ಮಾರಾಟದ ಅಂಕಿಗಳು, ಹಬ್ಬ-ಮದುವೆಗಳ ಕಾಲ, ಮಳೆ-ಬೆಳೆ, ಬೆಲೆಯ ಬದಲಾವಣೆ ಮತ್ತು ಸ್ಥಳೀಯ ಮಾರಾಟಗಾರರ ಅನುಭವ ಇದಕ್ಕೆ ಆಧಾರ.

ಅತಿ ಸರಳವಾದ ವಿಧಾನ ಚಲಿಸುವ ಸರಾಸರಿ. ಕಳೆದ ಮೂರು ತಿಂಗಳ ಮಾರಾಟ ಕ್ರಮವಾಗಿ 240, 270 ಮತ್ತು 300 ಆಗಿದ್ದರೆ ಮುಂದಿನ ತಿಂಗಳ ಅಂದಾಜು 270 ಆಗುತ್ತದೆ. ಮಾರಾಟ ಏರುತ್ತಿರುವಾಗ ಈ ವಿಧಾನ ಹಿಂದೆ ಬೀಳುವುದರಿಂದ ಇತ್ತೀಚಿನ ತಿಂಗಳುಗಳಿಗೆ ಹೆಚ್ಚಿನ ತೂಕ ನೀಡುವ ಕ್ರಮವಿದೆ. ಮೇಲಿನ ಅಂಕಿಗಳಿಗೆ 1, 2, 3 ಎಂಬ ತೂಕಗಳನ್ನು ನೀಡಿದರೆ ಅಂದಾಜು 280 ಆಗುತ್ತದೆ. ಏರಿಕೆಯ ಗತಿ ಮತ್ತು ಋತುಮಾನದ ಪ್ರಭಾವವನ್ನು ಪ್ರತ್ಯೇಕವಾಗಿ ಲೆಕ್ಕಹಾಕುವ ಸಂಖ್ಯಾಶಾಸ್ತ್ರೀಯ ವಿಧಾನಗಳೂ ಬಳಕೆಯಲ್ಲಿವೆ.

ಮುನ್ನಂದಾಜುಗಳ ಬಗ್ಗೆ ಮೂರು ಸಾಮಾನ್ಯ ತತ್ತ್ವಗಳಿವೆ. ಯಾವ ಅಂದಾಜೂ ಸಂಪೂರ್ಣ ನಿಖರವಾಗಿರುವುದಿಲ್ಲ. ಆದ್ದರಿಂದ ಅದರ ಜೊತೆಗೆ ಎಷ್ಟು ತಪ್ಪಬಹುದೆಂಬ ಅಳತೆಯೂ ಇರಬೇಕು. ದೂರದ ಭವಿಷ್ಯಕ್ಕಿಂತ ಸಮೀಪದ ಭವಿಷ್ಯದ ಅಂದಾಜು ಹೆಚ್ಚು ನಂಬಲರ್ಹ. ಬಿಡಿ ವಸ್ತುಗಳ ಅಂದಾಜಿಗಿಂತ ಒಟ್ಟು ಸಮೂಹದ ಅಂದಾಜು ಹೆಚ್ಚು ನಿಖರ. ಒಂದು ಊರಿನಲ್ಲಿ ಒಟ್ಟು ಎಷ್ಟು ಜೊತೆ ಪಾದರಕ್ಷೆ ಮಾರಾಟವಾಗುತ್ತದೆ ಎಂದು ಹೇಳುವುದು ಸುಲಭ. ಕಂದು ಬಣ್ಣದ, ಎಂಟನೆಯ ಅಳತೆಯ ಜೊತೆಗಳೆಷ್ಟು ಎಂದು ಹೇಳುವುದು ಕಷ್ಟ.

ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಮಾರಾಟದ ಅಂಕಿ ಮತ್ತು ಬೇಡಿಕೆ ಯಾವಾಗಲೂ ಒಂದೇ ಅಲ್ಲ. ಸರಕು ಮುಗಿದುಹೋದ ದಿನಗಳಲ್ಲಿ ಮಾರಾಟ ಶೂನ್ಯವಾಗಿರುತ್ತದೆ, ಬೇಡಿಕೆ ಶೂನ್ಯವಾಗಿರುವುದಿಲ್ಲ. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕೊರತೆಯಿಂದ ಕುಗ್ಗಿದ ಅಂಕಿಯೇ ಮುಂದಿನ ಯೋಜನೆಗೆ ಆಧಾರವಾಗಿ, ಕೊರತೆ ಮುಂದುವರಿಯುತ್ತದೆ.

## ದಾಸ್ತಾನು ನಿರ್ವಹಣೆ

ದಾಸ್ತಾನು ಇಟ್ಟುಕೊಳ್ಳುವುದಕ್ಕೆ ವೆಚ್ಚವಿದೆ. ಅದರಲ್ಲಿ ತೊಡಗಿಸಿದ ಹಣದ ಬಡ್ಡಿ, ಗೋದಾಮಿನ ಬಾಡಿಗೆ, ವಿಮೆ, ಕಳವು, ಹಾಳಾಗುವಿಕೆ ಮತ್ತು ಬಳಕೆಯ ಅವಧಿ ಮುಗಿಯುವುದು ಈ ವೆಚ್ಚದಲ್ಲಿ ಸೇರುತ್ತವೆ. ಪದೇ ಪದೇ ಸ್ವಲ್ಪ ಸ್ವಲ್ಪವೇ ತರಿಸಿದರೆ ಆದೇಶ ಮತ್ತು ಸಾಗಣೆಯ ವೆಚ್ಚ ಏರುತ್ತದೆ. ಎರಡೂ ವೆಚ್ಚಗಳ ಮೊತ್ತ ಕನಿಷ್ಠವಾಗುವ ಪ್ರಮಾಣವನ್ನು ‘ಮಿತವ್ಯಯದ ಆದೇಶ ಪ್ರಮಾಣ’ ಎನ್ನುತ್ತಾರೆ. ಹ್ಯಾರಿಸ್ ಸೂತ್ರದ ಪ್ರಕಾರ ವಾರ್ಷಿಕ ಬೇಡಿಕೆಯನ್ನು ಒಂದು ಆದೇಶದ ವೆಚ್ಚದಿಂದ ಗುಣಿಸಿ, ಬಂದುದನ್ನು ಇಮ್ಮಡಿಗೊಳಿಸಿ, ಒಂದು ವಸ್ತುವನ್ನು ಒಂದು ವರ್ಷ ಇಟ್ಟುಕೊಳ್ಳುವ ವೆಚ್ಚದಿಂದ ಭಾಗಿಸಿ, ವರ್ಗಮೂಲ ಕಂಡುಹಿಡಿಯಬೇಕು.

ಉದಾಹರಣೆಗೆ, ಅಂಗಡಿಯೊಂದರಲ್ಲಿ ವರ್ಷಕ್ಕೆ 3,600 ವಸ್ತುಗಳು ಮಾರಾಟವಾಗುತ್ತವೆ. ಪ್ರತಿ ಆದೇಶಕ್ಕೆ 200 ರೂಪಾಯಿ ಖರ್ಚು. ಒಂದು ವಸ್ತುವನ್ನು ವರ್ಷವಿಡೀ ಇಟ್ಟುಕೊಳ್ಳಲು 16 ರೂಪಾಯಿ ಖರ್ಚು ಎಂದು ಭಾವಿಸಿದರೆ, ಮಿತವ್ಯಯದ ಪ್ರಮಾಣ 300 ಆಗುತ್ತದೆ. ಅಂದರೆ ವರ್ಷಕ್ಕೆ 12 ಬಾರಿ ತರಿಸಬೇಕು. ಸರಾಸರಿ ದಾಸ್ತಾನು ಪ್ರತಿ ಬಾರಿ ತರಿಸುವ ಪ್ರಮಾಣದ ಅರ್ಧವೆಂದು ಹಿಡಿದಾಗ ವೆಚ್ಚಗಳು ಹೀಗಿರುತ್ತವೆ.

* ಒಮ್ಮೆಗೆ 100 ತರಿಸಿದರೆ: ಆದೇಶಗಳಿಗೆ 7,200, ಇಟ್ಟುಕೊಳ್ಳಲು 800, ಒಟ್ಟು 8,000 ರೂಪಾಯಿ.
* ಒಮ್ಮೆಗೆ 300 ತರಿಸಿದರೆ: ಆದೇಶಗಳಿಗೆ 2,400, ಇಟ್ಟುಕೊಳ್ಳಲು 2,400, ಒಟ್ಟು 4,800 ರೂಪಾಯಿ.
* ಒಮ್ಮೆಗೆ 600 ತರಿಸಿದರೆ: ಆದೇಶಗಳಿಗೆ 1,200, ಇಟ್ಟುಕೊಳ್ಳಲು 4,800, ಒಟ್ಟು 6,000 ರೂಪಾಯಿ.

ಬೇಡಿಕೆ ವರ್ಷವಿಡೀ ಸಮನಾಗಿರುತ್ತದೆ ಎಂಬ ಊಹೆ ಈ ಸೂತ್ರದ ಮಿತಿ.

ಯಾವಾಗ ತರಿಸಬೇಕೆಂಬುದು ಎರಡನೆಯ ಪ್ರಶ್ನೆ. ದಿನಕ್ಕೆ 10 ವಸ್ತುಗಳು ಮಾರಾಟವಾಗುತ್ತಿದ್ದು, ಆದೇಶ ನೀಡಿದ 7 ದಿನಗಳ ನಂತರ ಸರಕು ಬರುವುದಾದರೆ, ದಾಸ್ತಾನು 70ಕ್ಕೆ ಇಳಿದಾಗ ಮರು ಆದೇಶ ನೀಡಬೇಕು. ಲಾರಿ ತಡವಾಗಬಹುದು, ಮಾರಾಟ ಹೆಚ್ಚಬಹುದು ಎಂಬ ಕಾರಣಕ್ಕೆ ಸುರಕ್ಷತಾ ದಾಸ್ತಾನಾಗಿ 30 ವಸ್ತುಗಳನ್ನು ಸೇರಿಸಿದರೆ ಮರು ಆದೇಶದ ಮಟ್ಟ 100 ಆಗುತ್ತದೆ. ಬೇಡಿಕೆಯ ಏರಿಳಿತ ಮತ್ತು ಪೂರೈಕೆಯ ಅವಧಿಯ ಅನಿಶ್ಚಿತತೆ ಹೆಚ್ಚಿದಷ್ಟೂ ಸುರಕ್ಷತಾ ದಾಸ್ತಾನು ಹೆಚ್ಚಬೇಕಾಗುತ್ತದೆ. ಆದ್ದರಿಂದ, ಬೇಗ ಬರುವ ಪೂರೈಕೆಗಿಂತಲೂ ಹೇಳಿದ ದಿನಕ್ಕೆ ತಪ್ಪದೆ ಬರುವ ಪೂರೈಕೆ ಅನೇಕ ಸಂದರ್ಭಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು.

ನೂರಾರು ಬಗೆಯ ವಸ್ತುಗಳಿರುವಲ್ಲಿ ಎಲ್ಲಕ್ಕೂ ಸಮಾನ ಗಮನ ಕೊಡುವುದು ಸಾಧ್ಯವಿಲ್ಲ. ‘ಎಬಿಸಿ ವಿಂಗಡಣೆ’ಯಲ್ಲಿ ಸಂಖ್ಯೆಯಲ್ಲಿ ಕಡಿಮೆಯಿದ್ದು ಮೌಲ್ಯದಲ್ಲಿ ಬಹುಪಾಲು ಹೊಂದಿರುವ ವಸ್ತುಗಳನ್ನು ಎ ವರ್ಗದಲ್ಲಿಟ್ಟು ನಿಕಟವಾಗಿ ಗಮನಿಸಲಾಗುತ್ತದೆ. ಅಗ್ಗದ, ಬಹುಸಂಖ್ಯೆಯ ಸಣ್ಣ ವಸ್ತುಗಳು ಸಿ ವರ್ಗಕ್ಕೆ ಸೇರಿದ್ದು, ಅವುಗಳನ್ನು ಒಮ್ಮೆಗೇ ಹೆಚ್ಚಾಗಿ ತರಿಸಿಡಬಹುದು. ಉಳಿದವು ಬಿ ವರ್ಗಕ್ಕೆ ಬರುತ್ತವೆ.

## ಚಾಟಿ ಪರಿಣಾಮ

ಚಾಟಿಯ ಹಿಡಿಯನ್ನು ಸ್ವಲ್ಪ ಅಲುಗಿಸಿದರೆ ತುದಿ ದೂರ ಬೀಸುತ್ತದೆ. ಹಾಗೆಯೇ ಗ್ರಾಹಕರ ಬೇಡಿಕೆಯ ಅಲ್ಪ ಬದಲಾವಣೆ ಸರಪಳಿಯ ಮೇಲಿನ ಹಂತಗಳಲ್ಲಿ ಭಾರಿ ಏರಿಳಿತವಾಗುವುದನ್ನು ‘ಬುಲ್‌ವಿಪ್’ ಅಥವಾ ಚಾಟಿ ಪರಿಣಾಮ ಎಂದು ಕರೆಯಲಾಗಿದೆ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಕಂಪನಿಯು ಮಕ್ಕಳ ಡಯಾಪರ್‌ಗಳ ಪೂರೈಕೆಯಲ್ಲಿ ಇದನ್ನು ಗಮನಿಸಿತು. ಡಯಾಪರ್ ಬಳಕೆ ವಾರದಿಂದ ವಾರಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಆದರೂ ವಿತರಕರ ಆದೇಶಗಳು ಬಹಳವಾಗಿ ಏರಿಳಿಯುತ್ತಿದ್ದವು.

ಇದು ಉಂಟಾಗುವ ಬಗೆಯನ್ನು ಕಾಲ್ಪನಿಕ ಲೆಕ್ಕವೊಂದರಿಂದ ತಿಳಿಯಬಹುದು. ಅಂಗಡಿಕಾರ, ಸಗಟು ವ್ಯಾಪಾರಿ ಮತ್ತು ತಯಾರಕ ಮೂವರೂ ಪ್ರತಿ ವಾರದ ಕೊನೆಗೆ, ತಮಗೆ ಆ ವಾರ ಬಂದ ಬೇಡಿಕೆಯ ಎರಡರಷ್ಟು ದಾಸ್ತಾನು ಇರಿಸಿಕೊಳ್ಳಲು ಬಯಸುತ್ತಾರೆ. ಆದೇಶಿಸಿದ ಸರಕು ಕೂಡಲೇ ಬರುತ್ತದೆ ಎಂದು ಭಾವಿಸೋಣ. ವಾರಕ್ಕೆ 100 ಮಾರಾಟವಾಗುತ್ತಿರುವವರೆಗೆ ಮೂವರಲ್ಲಿಯೂ ತಲಾ 200 ದಾಸ್ತಾನು ಇರುತ್ತದೆ. ಒಂದು ವಾರ 110 ಮಾರಾಟವಾದರೆ ಅಂಗಡಿಯಲ್ಲಿ 90 ಉಳಿಯುತ್ತದೆ, ಬೇಕಾದದ್ದು 220, ಆದ್ದರಿಂದ ಆದೇಶ 130. ಸಗಟು ವ್ಯಾಪಾರಿಯಲ್ಲಿ 70 ಉಳಿಯುತ್ತದೆ, ಬೇಕಾದದ್ದು 260, ಆದೇಶ 190. ತಯಾರಕನಲ್ಲಿ 10 ಉಳಿಯುತ್ತದೆ, ಬೇಕಾದದ್ದು 380, ಆದ್ದರಿಂದ ಉತ್ಪಾದನೆ 370. ಗ್ರಾಹಕರ ಬೇಡಿಕೆ ಶೇ. 10ರಷ್ಟು ಏರಿದರೆ ಉತ್ಪಾದನೆ ಶೇ. 270ರಷ್ಟು ಏರಿತು. ಮರುವಾರ ಮಾರಾಟ 100ಕ್ಕೆ ಮರಳಿದರೆ ಅಂಗಡಿಯ ಆದೇಶ 80ಕ್ಕೆ ಇಳಿಯುತ್ತದೆ, ಸಗಟು ವ್ಯಾಪಾರಿ ಏನನ್ನೂ ಕೇಳುವುದಿಲ್ಲ, ಕಾರ್ಖಾನೆ ನಿಲ್ಲುತ್ತದೆ. ಇಲ್ಲಿ ಯಾರೂ ಅವಿವೇಕದಿಂದ ವರ್ತಿಸಿಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿನ ಕೊಂಡಿಯನ್ನು ಮಾತ್ರ ನೋಡಿದ್ದಾರೆ. ಆದರೆ ಈ ಏರಿಳಿತದ ಭಾರ ಕೊನೆಗೆ ಬೀಳುವುದು ಒಂದು ವಾರ ಹೆಚ್ಚುವರಿ ಪಾಳಿ ಮಾಡಿ ಮರುವಾರ ಕೆಲಸವಿಲ್ಲದೆ ಕೂರುವ ಕಾರ್ಮಿಕರ ಮೇಲೆ.

1997ರಲ್ಲಿ ಹಾವ್ ಲೀ, ವಿ. ಪದ್ಮನಾಭನ್ ಮತ್ತು ಸ್ಯುಂಗ್‌ಜಿನ್ ವಾಂಗ್ ಎಂಬ ವಿದ್ವಾಂಸರು ಇದಕ್ಕೆ ನಾಲ್ಕು ಕಾರಣಗಳನ್ನು ಗುರುತಿಸಿದರು.

* ಪ್ರತಿ ಹಂತದಲ್ಲೂ ಪ್ರತ್ಯೇಕವಾಗಿ ಅಂದಾಜು ಪರಿಷ್ಕರಿಸುವುದು.
* ಆದೇಶಗಳನ್ನು ಕೂಡಿಹಾಕಿ ಒಮ್ಮೆಗೇ ನೀಡುವುದು.
* ರಿಯಾಯಿತಿ ಇರುವಾಗ ಅಗತ್ಯಕ್ಕಿಂತ ಹೆಚ್ಚು ಕೊಳ್ಳುವುದು.
* ಕೊರತೆಯ ಕಾಲದಲ್ಲಿ ಕೇಳಿದ್ದರ ಒಂದು ಪಾಲು ಮಾತ್ರ ಸಿಗುತ್ತದೆಂದು ತಿಳಿದು ಬೇಡಿಕೆಯನ್ನು ಉಬ್ಬಿಸಿ ಹೇಳುವುದು.

ಅಂಗಡಿಯ ನಿಜವಾದ ಮಾರಾಟದ ಅಂಕಿಗಳನ್ನು ಎಲ್ಲ ಹಂತಗಳಿಗೂ ತಿಳಿಸುವುದು, ಸಣ್ಣ ಪ್ರಮಾಣದಲ್ಲಿ ಆಗಾಗ ತರಿಸುವುದು, ಬೆಲೆಯನ್ನು ಸ್ಥಿರವಾಗಿಡುವುದು ಮತ್ತು ಕೊರತೆಯ ಕಾಲದಲ್ಲಿ ಹಿಂದಿನ ಮಾರಾಟದ ಆಧಾರದಲ್ಲಿ ಸರಕು ಹಂಚುವುದು ಇದರ ಪರಿಹಾರಗಳು.

## ಪ್ರಮುಖ ಕಾರ್ಯನೀತಿಗಳು

ಸಕಾಲಿಕ ಉತ್ಪಾದನೆ: ಜಪಾನಿನ ಟೊಯೊಟಾ ಕಂಪನಿಯಲ್ಲಿ ತೈಚಿ ಓನೊ ಅವರ ನೇತೃತ್ವದಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ಬಿಡಿಭಾಗಗಳನ್ನು ಅಗತ್ಯ ಬಿದ್ದಾಗ, ಅಗತ್ಯವಿರುವಷ್ಟೇ ತಯಾರಿಸಲಾಗುತ್ತದೆ ಅಥವಾ ತರಿಸಲಾಗುತ್ತದೆ. ಮುಂದಿನ ಹಂತದವರು ಬಳಸಿದಷ್ಟನ್ನೇ ಹಿಂದಿನ ಹಂತದವರು ತಯಾರಿಸುವಂತೆ ಸೂಚಿಸುವ ಚೀಟಿಗಳಿಗೆ ‘ಕಾನ್‌ಬಾನ್’ ಎಂದು ಹೆಸರು. ದಾಸ್ತಾನು ಕಡಿಮೆಯಿದ್ದಾಗ ಗುಣಮಟ್ಟದ ದೋಷಗಳು ಕೂಡಲೇ ಬೆಳಕಿಗೆ ಬರುತ್ತವೆ ಎಂಬುದು ಇದರ ಇನ್ನೊಂದು ಪ್ರಯೋಜನ.

ವಸ್ತುವಿಗೆ ತಕ್ಕ ಸರಪಳಿ: 1997ರಲ್ಲಿ ಮಾರ್ಷಲ್ ಫಿಶರ್ ಅವರು, ಬೇಡಿಕೆ ಸ್ಥಿರವಾಗಿರುವ ದಿನಬಳಕೆಯ ವಸ್ತುಗಳಿಗೆ ಕಡಿಮೆ ವೆಚ್ಚದ ಸರಪಳಿಯೂ, ಫ್ಯಾಷನ್ ಉಡುಪಿನಂತಹ ಬೇಡಿಕೆ ಊಹಿಸಲಾಗದ ವಸ್ತುಗಳಿಗೆ ಬೇಗ ಸ್ಪಂದಿಸುವ ಸರಪಳಿಯೂ ಸೂಕ್ತವೆಂದು ವಾದಿಸಿದರು.

ವಿಳಂಬಿತ ಅಂತಿಮಗೊಳಿಕೆ: ವಸ್ತುವಿಗೆ ಅಂತಿಮ ರೂಪ ಕೊಡುವುದನ್ನು ಬೇಡಿಕೆ ಸ್ಪಷ್ಟವಾಗುವವರೆಗೆ ಮುಂದೂಡುವುದು. ಇಟಲಿಯ ಬೆನೆಟನ್ ಕಂಪನಿಯು ಉಣ್ಣೆಯ ಉಡುಪುಗಳನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಯಾವ ಬಣ್ಣಕ್ಕೆ ಬೇಡಿಕೆಯಿದೆಯೆಂದು ತಿಳಿದ ಮೇಲೆ ಬಣ್ಣ ಹಾಕುವ ಕ್ರಮವನ್ನು ಅನುಸರಿಸಿತು.

ನೇರ ವರ್ಗಾವಣೆ: ಪೂರೈಕೆದಾರರಿಂದ ಬಂದ ಸರಕನ್ನು ಗೋದಾಮಿನಲ್ಲಿ ಇರಿಸದೆ, ಬಂದ ಲಾರಿಯಿಂದ ಹೊರಡುವ ಲಾರಿಗಳಿಗೆ ವಿಂಗಡಿಸಿ ತುಂಬುವುದು. ವಾಲ್‌ಮಾರ್ಟ್ ಕಂಪನಿ ಇದನ್ನು ವ್ಯಾಪಕವಾಗಿ ಬಳಸಿತು.

## ಅಡಚಣೆಗಳು ಮತ್ತು ಅಪಾಯ

ದಾಸ್ತಾನು ಮತ್ತು ಪೂರೈಕೆದಾರರ ಸಂಖ್ಯೆಯನ್ನು ತೀರ ಕಡಿಮೆ ಮಾಡಿದ ಸರಪಳಿ ಅಗ್ಗವಾಗಿರುತ್ತದೆ, ಆದರೆ ಸುಲಭವಾಗಿ ತುಂಡಾಗುತ್ತದೆ. ಫೆಬ್ರವರಿ 1, 1997ರಂದು ಐಸಿನ್ ಕಂಪನಿಯ ಕಾರ್ಖಾನೆಯಲ್ಲಿ ಸಂಭವಿಸಿದ ಬೆಂಕಿಯಿಂದ ಬ್ರೇಕಿನ ಒಂದು ಸಣ್ಣ ಕವಾಟದ ಪೂರೈಕೆ ನಿಂತು, ಜಪಾನಿನಲ್ಲಿ ಟೊಯೊಟಾದ ಉತ್ಪಾದನೆಯೇ ಸ್ಥಗಿತವಾಯಿತು. ಇತರ ಪೂರೈಕೆದಾರರು ಒಗ್ಗೂಡಿ ಆ ಭಾಗವನ್ನು ತಯಾರಿಸಿಕೊಟ್ಟಿದ್ದರಿಂದ ಕೆಲವೇ ದಿನಗಳಲ್ಲಿ ಕೆಲಸ ಪುನರಾರಂಭವಾಯಿತು.

ಮಾರ್ಚ್ 17, 2000ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿದ್ದ ಫಿಲಿಪ್ಸ್ ಚಿಪ್ ಕಾರ್ಖಾನೆಯಲ್ಲಿ ಸಿಡಿಲಿನಿಂದ ಉಂಟಾದ ಬೆಂಕಿ ಬೇಗನೆ ನಂದಿದರೂ ಚಿಪ್‌ಗಳ ತಯಾರಿಕೆಗೆ ಅಗತ್ಯವಾದ ಶುದ್ಧ ಕೊಠಡಿಗಳು ಕಲುಷಿತಗೊಂಡವು. ಅಲ್ಲಿಂದ ಚಿಪ್ ಪಡೆಯುತ್ತಿದ್ದ ನೋಕಿಯಾ ಕೂಡಲೇ ಬೇರೆ ಮೂಲಗಳನ್ನು ಹುಡುಕಿತು. ಎರಿಕ್ಸನ್ ತಡವಾಗಿ ಎಚ್ಚೆತ್ತು ಭಾರಿ ನಷ್ಟ ಅನುಭವಿಸಿತು. 2011ರ ಜಪಾನ್ ಭೂಕಂಪ ಮತ್ತು ಸುನಾಮಿ, ಅದೇ ವರ್ಷ ಹಾರ್ಡ್ ಡಿಸ್ಕ್ ತಯಾರಿಕೆಯನ್ನು ಅಸ್ತವ್ಯಸ್ತಗೊಳಿಸಿದ ಥೈಲ್ಯಾಂಡ್ ಪ್ರವಾಹ, ಮಾರ್ಚ್ 23ರಿಂದ 29, 2021ರವರೆಗೆ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಯಲ್ಲಿ ಸಿಲುಕಿದ್ದು ಇತರ ಪ್ರಮುಖ ನಿದರ್ಶನಗಳು.

ಭಾರತದಲ್ಲಿ 2021ರ ಏಪ್ರಿಲ್-ಮೇ ತಿಂಗಳುಗಳಲ್ಲಿ, ಕೋವಿಡ್ ಎರಡನೆಯ ಅಲೆಯ ಕಾಲದಲ್ಲಿ ತಲೆದೋರಿದ ವೈದ್ಯಕೀಯ ಆಮ್ಲಜನಕದ ಬಿಕ್ಕಟ್ಟಿಗೆ ಸಾಗಣೆಯೂ ಮುಖ್ಯ ಕಾರಣವಾಗಿತ್ತು. ದ್ರವ ಆಮ್ಲಜನಕ ದೊರೆಯುತ್ತಿದ್ದ ಉಕ್ಕಿನ ಕಾರ್ಖಾನೆಗಳಲ್ಲಿ ಹಲವು ದೇಶದ ಪೂರ್ವಭಾಗದಲ್ಲಿದ್ದವು. ರೋಗಿಗಳಿದ್ದ ನಗರಗಳು ದೂರದಲ್ಲಿದ್ದವು. ಅತಿಶೀತ ಸ್ಥಿತಿಯಲ್ಲಿ ಅದನ್ನು ಒಯ್ಯುವ ಟ್ಯಾಂಕರ್‌ಗಳ ಸಂಖ್ಯೆ ಸೀಮಿತವಾಗಿತ್ತು. ಸಾರಜನಕ ಮತ್ತು ಆರ್ಗಾನ್ ಟ್ಯಾಂಕರ್‌ಗಳನ್ನು ಪರಿವರ್ತಿಸಲಾಯಿತು, ರೈಲ್ವೆ ಇಲಾಖೆ ‘ಆಕ್ಸಿಜನ್ ಎಕ್ಸ್‌ಪ್ರೆಸ್’ ರೈಲುಗಳನ್ನು ಓಡಿಸಿತು. ಕರ್ನಾಟಕಕ್ಕೆ ಇಂತಹ ಮೊದಲ ರೈಲು ಮೇ 2021ರಲ್ಲಿ ಜಮ್‌ಶೆಡ್‌ಪುರದಿಂದ ಬೆಂಗಳೂರಿನ ವೈಟ್‌ಫೀಲ್ಡ್‌ಗೆ ಬಂದಿತು. ಉತ್ಪಾದನೆಯಿದ್ದರೂ ಸಾಗಣೆಯ ಕೊಂಡಿ ದುರ್ಬಲವಾಗಿದ್ದರೆ ಪೂರೈಕೆ ವಿಫಲವಾಗುತ್ತದೆ ಮತ್ತು ಅದರ ಬೆಲೆಯನ್ನು ಪ್ರಾಣದಿಂದ ತೆರಬೇಕಾಗಬಹುದು ಎಂಬುದನ್ನು ಈ ಪ್ರಸಂಗ ತೋರಿಸಿತು.

ಮುಖ್ಯ ವಸ್ತುಗಳಿಗೆ ಕನಿಷ್ಠ ಇಬ್ಬರು ಪೂರೈಕೆದಾರರನ್ನು ಹೊಂದಿರುವುದು, ಅವರು ಒಂದೇ ಪ್ರದೇಶದಲ್ಲಿ ಇರದಂತೆ ನೋಡಿಕೊಳ್ಳುವುದು, ಪೂರೈಕೆದಾರರ ಪೂರೈಕೆದಾರರು ಯಾರೆಂದು ತಿಳಿದಿರುವುದು ಮತ್ತು ಬದಲಿ ದೊರೆಯದ ಭಾಗಗಳಿಗೆ ಮಾತ್ರ ಹೆಚ್ಚಿನ ದಾಸ್ತಾನು ಇಡುವುದು ಅಪಾಯ ತಗ್ಗಿಸುವ ಸಾಮಾನ್ಯ ಮಾರ್ಗಗಳು. 2011ರ ಭೂಕಂಪದ ನಂತರ ಟೊಯೊಟಾ ತನ್ನ ಪೂರೈಕೆದಾರರು ಕೆಲವು ತಿಂಗಳುಗಳಿಗೆ ಸಾಕಾಗುವಷ್ಟು ಚಿಪ್ ದಾಸ್ತಾನು ಇಡುವಂತೆ ಮಾಡಿತ್ತು. ಸಕಾಲಿಕ ಉತ್ಪಾದನೆಯ ತವರಾದ ಕಂಪನಿಯೇ ಅದಕ್ಕೆ ಮಿತಿಯಿದೆಯೆಂದು ಒಪ್ಪಿದ್ದಕ್ಕೆ ಇದು ಸಾಕ್ಷಿ.

## ಅಳತೆಗೋಲುಗಳು

ಸರಪಳಿಯ ಸ್ಥಿತಿಯನ್ನು ತಿಳಿಯಲು ಕೆಳಗಿನ ಅಳತೆಗಳು ಹೆಚ್ಚಾಗಿ ಬಳಕೆಯಲ್ಲಿವೆ.

* ದಾಸ್ತಾನಿನ ಆವರ್ತನ: ಮಾರಾಟವಾದ ಸರಕಿನ ವಾರ್ಷಿಕ ವೆಚ್ಚವನ್ನು ಸರಾಸರಿ ದಾಸ್ತಾನಿನ ಮೌಲ್ಯದಿಂದ ಭಾಗಿಸಿದಾಗ ಬರುವ ಸಂಖ್ಯೆ.
* ಪೂರ್ಣ ಮತ್ತು ಸಕಾಲ ಪೂರೈಕೆ: ಹೇಳಿದ ದಿನದಂದು, ಕೇಳಿದಷ್ಟನ್ನೂ ತಲುಪಿಸಿದ ಆದೇಶಗಳ ಶೇಕಡಾವಾರು ಪ್ರಮಾಣ.
* ಮುನ್ನಂದಾಜಿನ ದೋಷ: 200 ಎಂದು ಅಂದಾಜಿಸಿ 160 ಮಾರಾಟವಾದರೆ ನಿಜವಾದ ಮಾರಾಟಕ್ಕೆ ಹೋಲಿಸಿದ ದೋಷ ಶೇ. 25.
* ನಗದು ಆವರ್ತ: ಕಚ್ಚಾವಸ್ತುವಿಗೆ ಹಣ ಕೊಟ್ಟ ದಿನದಿಂದ ಗ್ರಾಹಕರ ಹಣ ಕೈಸೇರುವ ದಿನದವರೆಗಿನ ಅವಧಿ. ಸರಕು 45 ದಿನ ದಾಸ್ತಾನಿನಲ್ಲಿದ್ದು, ಮಾರಾಟದ ಹಣ 60 ದಿನಗಳ ನಂತರ ಬಂದು, ಪೂರೈಕೆದಾರರು 30 ದಿನ ಸಾಲ ನೀಡಿದ್ದರೆ ಈ ಅವಧಿ 75 ದಿನ. ಅಷ್ಟು ದಿನಗಳ ಖರ್ಚನ್ನು ಉದ್ದಿಮೆಯು ಸ್ವಂತ ಹಣದಿಂದ ಅಥವಾ ಸಾಲದಿಂದ ಭರಿಸಬೇಕಾಗುತ್ತದೆ.

ಈ ಅಳತೆಗಳನ್ನು ಒಟ್ಟಾಗಿ ನೋಡಬೇಕು. ದಾಸ್ತಾನನ್ನು ಮಾತ್ರ ಇಳಿಸಹೊರಟರೆ ಸಕಾಲ ಪೂರೈಕೆ ಕುಸಿಯಬಹುದು.

## ಭಾರತದಲ್ಲಿ

ಜುಲೈ 1, 2017ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬರುವ ಮೊದಲು, ಅಂತರರಾಜ್ಯ ಮಾರಾಟದ ಮೇಲಿನ ಕೇಂದ್ರೀಯ ಮಾರಾಟ ತೆರಿಗೆಯನ್ನು ತಪ್ಪಿಸಲು ಅನೇಕ ಕಂಪನಿಗಳು ಪ್ರತಿ ರಾಜ್ಯದಲ್ಲಿಯೂ ಸಣ್ಣ ಗೋದಾಮುಗಳನ್ನು ಇರಿಸಿಕೊಂಡಿದ್ದವು. ಹೊಸ ತೆರಿಗೆ ಬಂದ ಮೇಲೆ ದೂರ ಮತ್ತು ಬೇಡಿಕೆಯನ್ನು ಆಧರಿಸಿ ದೊಡ್ಡ ಗೋದಾಮುಗಳನ್ನು ಸ್ಥಾಪಿಸಲು ಅವಕಾಶವಾಯಿತು. ರಾಜ್ಯಗಳ ಗಡಿಯ ವಾಣಿಜ್ಯ ತೆರಿಗೆ ತನಿಖಾ ಠಾಣೆಗಳು ತೆರವಾದವು. 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕಿನ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಏಪ್ರಿಲ್ 1, 2018ರಿಂದ ಕಡ್ಡಾಯವಾಯಿತು. ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೊಳಿಸಿದ ರಾಜ್ಯ ಕರ್ನಾಟಕ.

ಅಕ್ಟೋಬರ್ 2021ರಲ್ಲಿ ಮೂಲಸೌಕರ್ಯ ಯೋಜನೆಗಳನ್ನು ಸಮನ್ವಯಗೊಳಿಸುವ ‘ಪಿಎಂ ಗತಿಶಕ್ತಿ’ ಯೋಜನೆಯೂ, ಸೆಪ್ಟೆಂಬರ್ 17, 2022ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯೂ ಪ್ರಕಟವಾದವು. ವಿಶ್ವಬ್ಯಾಂಕಿನ 2023ರ ಲಾಜಿಸ್ಟಿಕ್ಸ್ ಸಾಧನೆಯ ಸೂಚ್ಯಂಕದಲ್ಲಿ ಭಾರತವು 139 ದೇಶಗಳ ಪೈಕಿ 38ನೆಯ ಸ್ಥಾನದಲ್ಲಿತ್ತು.

## ಕರ್ನಾಟಕದ ಕೆಲವು ಸರಪಳಿಗಳು

ಹಾಲು: 1974ರಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮವಾಗಿ ಆರಂಭವಾದ ವ್ಯವಸ್ಥೆಯು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳವಾಯಿತು. ಗ್ರಾಮದ ಹಾಲು ಉತ್ಪಾದಕರ ಸಹಕಾರ ಸಂಘ, ಹಾಲು ಒಕ್ಕೂಟ ಮತ್ತು ಮಹಾಮಂಡಳ ಎಂಬ ಮೂರು ಹಂತಗಳು ಇದರಲ್ಲಿವೆ. ಹಾಲು ಬೇಗ ಕೆಡುವ ವಸ್ತುವಾದ್ದರಿಂದ ದಿನಕ್ಕೆ ಎರಡು ಬಾರಿ ಸಂಗ್ರಹಿಸಿ, ಶೀತಲೀಕರಿಸಿ ಸಾಗಿಸಬೇಕು. ಪೂರೈಕೆ ಹೆಚ್ಚಿದ ಕಾಲದಲ್ಲಿ ರೈತರಿಂದ ಹಾಲು ಕೊಳ್ಳುವುದನ್ನು ನಿಲ್ಲಿಸಲಾಗದು. ಹೆಚ್ಚುವರಿ ಹಾಲನ್ನು ಪುಡಿ ಮತ್ತು ಬೆಣ್ಣೆಯಾಗಿ ಪರಿವರ್ತಿಸಲಾಗುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಡಿ ಶಾಲಾ ಮಕ್ಕಳಿಗೆ ನೀಡುವ ಹಾಲಿಗೆ ಈ ಪುಡಿ ಬಳಕೆಯಾಗುತ್ತದೆ.

ರೇಷ್ಮೆ: ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಒಳಗಿನ ಕೋಶವು ಚಿಟ್ಟೆಯಾಗಿ ಗೂಡನ್ನು ಭೇದಿಸಿ ಹೊರಬರುತ್ತದೆ; ಹಾಗಾದರೆ ಎಳೆ ತುಂಡಾಗಿ ಗೂಡು ನೂಲು ಬಿಚ್ಚಾಣಿಕೆಗೆ ನಿರುಪಯುಕ್ತವಾಗುತ್ತದೆ. ಆದ್ದರಿಂದ ರೈತನು ಬೆಲೆ ಏರಲೆಂದು ಕಾಯುವಂತಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಂತಹ ಬಹಿರಂಗ ಹರಾಜಿನ ವ್ಯವಸ್ಥೆಗಳು ಈ ಕಾಲದ ಒತ್ತಡದಲ್ಲಿಯೂ ಅನೇಕ ಖರೀದಿದಾರರ ನಡುವೆ ಸ್ಪರ್ಧೆ ಇರುವಂತೆ ಮಾಡುತ್ತವೆ.

ಟೊಮೆಟೊ: ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯಿಂದ ಹೊರರಾಜ್ಯಗಳಿಗೂ ಟೊಮೆಟೊ ಸಾಗುತ್ತದೆ. ಬೆಲೆ ಏರಿದ ಋತುವಿನ ನಂತರ ಹೆಚ್ಚು ರೈತರು ಅದನ್ನೇ ಬೆಳೆದು, ಕೊಯ್ಲಿನ ವೇಳೆಗೆ ಬೆಲೆ ಕುಸಿಯುವುದು ಪದೇ ಪದೇ ಕಂಡುಬರುತ್ತದೆ. ಬಿತ್ತನೆಯ ತೀರ್ಮಾನಕ್ಕೂ ಮಾರಾಟಕ್ಕೂ ನಡುವೆ ತಿಂಗಳುಗಳ ಅಂತರವಿರುವುದು ಮತ್ತು ಇತರರು ಎಷ್ಟು ಬೆಳೆಯುತ್ತಿದ್ದಾರೆಂಬ ಮಾಹಿತಿ ಇಲ್ಲದಿರುವುದು ಇದಕ್ಕೆ ಕಾರಣ. ಶೀತಲ ಸಾಗಣೆ ಮತ್ತು ಸಂಸ್ಕರಣೆಯ ಸೌಲಭ್ಯ ಕಡಿಮೆಯಿರುವಲ್ಲಿ ನಷ್ಟ ಪೂರ್ಣವಾಗಿ ಬೆಳೆಗಾರನದಾಗುತ್ತದೆ.

## ಸಣ್ಣ ಉದ್ದಿಮೆಗಳಲ್ಲಿ ಸುಧಾರಣೆ

ಪೂರೈಕೆ ಸರಪಳಿಯ ಸುಧಾರಣೆಗೆ ದುಬಾರಿ ತಂತ್ರಾಂಶವೇ ಮೊದಲ ಹೆಜ್ಜೆಯಾಗಬೇಕಿಲ್ಲ. ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ.

* ವಸ್ತುವಿನ ಹಾದಿಯನ್ನು ಮೂಲದಿಂದ ಗ್ರಾಹಕರವರೆಗೆ ಬರೆದು, ಪ್ರತಿ ಹಂತದಲ್ಲಿ ಅದು ಎಷ್ಟು ದಿನ ನಿಲ್ಲುತ್ತದೆ ಎಂದು ಗುರುತಿಸುವುದು.
* ಪುಸ್ತಕದ ಲೆಕ್ಕಕ್ಕೂ ಗೋದಾಮಿನಲ್ಲಿರುವ ಸರಕಿಗೂ ತಾಳೆಯಾಗುವಂತೆ ನಿಯತವಾಗಿ ಎಣಿಸುವುದು. ಲೆಕ್ಕ ತಪ್ಪಿದ್ದರೆ ಅದರ ಮೇಲೆ ಕಟ್ಟಿದ ಯೋಜನೆಯೂ ತಪ್ಪುತ್ತದೆ.
* ಎಬಿಸಿ ವಿಂಗಡಣೆ ಮಾಡಿ, ಮುಖ್ಯ ವಸ್ತುಗಳಿಗೆ ಮರು ಆದೇಶದ ಮಟ್ಟ ನಿಗದಿಪಡಿಸುವುದು.
* ಪ್ರತಿ ಪೂರೈಕೆದಾರನು ಹೇಳಿದ ದಿನವನ್ನೂ ಸರಕು ತಲುಪಿದ ದಿನವನ್ನೂ ಬರೆದಿಡುವುದು.
* ತಿಂಗಳಿಗೊಮ್ಮೆ ಮಾರಾಟ, ಖರೀದಿ, ಉತ್ಪಾದನೆ ಮತ್ತು ಹಣಕಾಸಿನ ಹೊಣೆ ಹೊತ್ತವರು ಒಟ್ಟಿಗೆ ಕುಳಿತು ಒಂದೇ ಅಂದಾಜನ್ನು ಒಪ್ಪಿಕೊಳ್ಳುವುದು.

ಸಣ್ಣ ಪೂರೈಕೆದಾರರಿಗೆ ಹಣ ತಡವಾಗಿ ಬರುವುದು ದೊಡ್ಡ ತೊಡಕು. ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮ, 2006ರ ಪ್ರಕಾರ ನೋಂದಾಯಿತ ಅತಿ ಸಣ್ಣ ಮತ್ತು ಸಣ್ಣ ಪೂರೈಕೆದಾರರಿಗೆ ಒಪ್ಪಂದದ ದಿನಾಂಕದೊಳಗೆ, ಹೆಚ್ಚೆಂದರೆ 45 ದಿನಗಳೊಳಗೆ ಹಣ ಪಾವತಿಸಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ಸಲ್ಲುತ್ತದೆ.

## ಟೀಕೆಗಳು

ವೆಚ್ಚ ಕಡಿತದ ಒತ್ತಡವು ಸರಪಳಿಯ ಕೊನೆಯಲ್ಲಿರುವ ದುರ್ಬಲರ ಮೇಲೆ ಬೀಳುತ್ತದೆ ಎಂಬುದು ಪ್ರಮುಖ ಟೀಕೆ. ಏಪ್ರಿಲ್ 24, 2013ರಂದು ಬಾಂಗ್ಲಾದೇಶದ ಢಾಕಾ ಸಮೀಪದ ಸವಾರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನರು ಮೃತಪಟ್ಟರು. ಅವರಲ್ಲಿ ಬಹುಪಾಲು ಜನ ವಿದೇಶಿ ಕಂಪನಿಗಳಿಗೆ ಉಡುಪು ಹೊಲಿಯುತ್ತಿದ್ದ ಕಾರ್ಮಿಕರು. ತಮ್ಮ ಸರಕು ಯಾರ ಕೈಯಲ್ಲಿ, ಎಂತಹ ಸ್ಥಿತಿಯಲ್ಲಿ ತಯಾರಾಗುತ್ತದೆ ಎಂಬುದರ ಹೊಣೆಯನ್ನು ಖರೀದಿದಾರ ಕಂಪನಿಗಳೂ ಹೊರಬೇಕೆಂಬ ಒತ್ತಾಯ ಇದರ ನಂತರ ಬಲಗೊಂಡಿತು. ದೂರ ಸಾಗಣೆಯಿಂದಾಗುವ ಇಂಗಾಲದ ಹೊರಸೂಸುವಿಕೆ, ಪ್ಯಾಕಿಂಗ್ ತ್ಯಾಜ್ಯ ಮತ್ತು ದಾಸ್ತಾನಿನ ಭಾರವನ್ನು ಸಣ್ಣ ಪೂರೈಕೆದಾರರ ಮೇಲೆ ಹೊರಿಸುವ ದೊಡ್ಡ ಖರೀದಿದಾರರ ಪ್ರವೃತ್ತಿಯೂ ಟೀಕೆಗೆ ಒಳಗಾಗಿವೆ.

## ಇವನ್ನೂ ನೋಡಿ

* ದಾಸ್ತಾನು
* ಕಾರ್ಯಾಚರಣೆ ಸಂಶೋಧನೆ
* ಸರಕು ಮತ್ತು ಸೇವಾ ತೆರಿಗೆ
* ಕರ್ನಾಟಕ ಹಾಲು ಮಹಾಮಂಡಳ
* ರೇಷ್ಮೆ ವ್ಯವಸಾಯ